ಎಂಡನ್ ನೌಕೆಯ ಉಪನಾಯಕ: ಯುದ್ಧದಲ್ಲಿಯೂ ಶಾಂತಿಯಲ್ಲಿಯೂ

1914ನೆಯ ಇಸವಿ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಂಡನ್ ಎಂಬ ಯುದ್ಧನೌಕೆಯು ಮದರಾಸಿನ ತೀರಕ್ಕೆ ಬಂದು ಎಣ್ಣೆಯ ತೊಟ್ಟಿಗಳ ಮೇಲೆ ಗುಂಡಿನ ಮಳೆಗರೆಯಿತು. ಅಲ್ಲಿ ಉರಿದುಹೋದುದು ಮನೆಮನೆಯ ದೀಪಕ್ಕೆ ಬೇಕಾದ ಸೀಮೆಎಣ್ಣೆ. ಆದುದರಿಂದ ನಿರ್ಣಾ, ಹುಮನಾಬಾದುಗಳಂತಹ, ಕಡಲನ್ನೇ ಕಾಣದ ಒಳನಾಡಿನ ಊರುಗಳಿಗೂ ಕಡಲ ಕಾಳಗವು ಹೊರತಾದ ವಿಷಯವಲ್ಲ.

ಆ ನೌಕೆಯ ನಾಯಕನಾದ ಕಾರ್ಲ್ ಫಾನ್ ಮ್ಯುಲ್ಲರನ ಹೆಸರನ್ನು ಬಲ್ಲವರು ಬಹುಮಂದಿ. ಆತನ ಉಪನಾಯಕನಾಗಿದ್ದ ಹೆಲ್ಮುಟ್ ಫಾನ್ ಮ್ಯೂಕೆಯ ಚರಿತ್ರೆಯನ್ನು ನಾವಿಲ್ಲಿ ನಿರೂಪಿಸುತ್ತೇವೆ.

ಮ್ಯೂಕೆಯು 1881ರಲ್ಲಿ ಸ್ಯಾಕ್ಸನಿಯ ಜ್ವಿಕಾವು ಪಟ್ಟಣದಲ್ಲಿ ಜನಿಸಿದನು. 1914ರ ನವೆಂಬರ್ 9ರಂದು, ಕೋಕೋಸ್ ದ್ವೀಪಗಳಲ್ಲಿದ್ದ ತಂತಿ ನಿಲಯವನ್ನು ನಾಶಪಡಿಸಲು ಸುಮಾರು ಐವತ್ತು ಮಂದಿಯೊಡನೆ ದಡಕ್ಕಿಳಿದನು. ಅಷ್ಟರಲ್ಲಿ ಆಸ್ಟ್ರೇಲಿಯದ ಸಿಡ್ನಿ ಎಂಬ ನೌಕೆಯು ಬಂದು ಎಂಡನನ್ನು ಹೊಡೆದು ಕೆಡವಿತು. ದಡದಲ್ಲಿ ಉಳಿದವರಿಗೆ ಶರಣಾಗತಿಯೊಂದೇ ಗತಿಯೆಂದು ತೋರುತ್ತಿತ್ತು. ಮ್ಯೂಕೆಯು ಹಾಗೆ ಭಾವಿಸಲಿಲ್ಲ. ಅಲ್ಲಿದ್ದ ಆಯೆಷಾ ಎಂಬ ಹಳೆಯ ಹಾಯಿಹಡಗನ್ನು ವಶಪಡಿಸಿಕೊಂಡು, ಹಾಯಿಬಟ್ಟೆಯಲ್ಲಿ ಮಳೆನೀರು ಹಿಡಿದು ಕುಡಿಯುತ್ತ, ಸುಮಾತ್ರದ ಪಡಾಂಗನ್ನು ಸೇರಿದನು. ಅಲ್ಲಿಂದ ಮುಂದೆ ಜರ್ಮನಿಯ ಸರಕುಹಡಗೊಂದನ್ನು ಕೂಡಿಕೊಂಡು, 1915ರ ಜನವರಿಯಲ್ಲಿ ಅರೇಬಿಯದ ಹೊದೈದಾ ಬಳಿ ಇಳಿದನು. ರೋಗ, ಮರಳುಗಾಡು, ಜೆಡ್ಡಾದ ಸಮೀಪದಲ್ಲಿ ಬೆಡುಯಿನರೊಡನೆ ಮೂರು ದಿನಗಳ ಕಾಳಗ, ಇವೆಲ್ಲವನ್ನೂ ದಾಟಿ, ಕೆಲವರನ್ನು ಕಳೆದುಕೊಂಡು, ಮೇ ತಿಂಗಳಲ್ಲಿ ಕಾನ್‌ಸ್ಟಾಂಟಿನೋಪಲನ್ನು ಮುಟ್ಟಿದನು. ಈ ಯಾತ್ರೆಯನ್ನು ಕುರಿತು ಆತನು ಬರೆದ ಪುಸ್ತಕವು ಜರ್ಮನಿಯಲ್ಲಿ ಮನೆಮಾತಾಯಿತು.

ಯುದ್ಧವು ಮುಗಿದ ಮೇಲಿನ ದಾರಿ ಇಷ್ಟು ನೇರವಾಗಿರಲಿಲ್ಲ. ಸೋತ ದೇಶದ ಕಹಿಯಲ್ಲಿ ಮ್ಯೂಕೆಯೂ ಹಿಟ್ಲರನ ಪಕ್ಷವನ್ನು ಸೇರಿ, ಸ್ಯಾಕ್ಸನಿಯ ಶಾಸನಸಭೆಯಲ್ಲಿ ಅದರ ಸದಸ್ಯನಾದನು. ಈ ಅಂಶವನ್ನು ಮುಚ್ಚಿಡುವುದು ಚರಿತ್ರಕಾರನ ಧರ್ಮವಲ್ಲ. ಆದರೆ 1929ರಲ್ಲಿ, ಆ ಪಕ್ಷವು ಅಧಿಕಾರಕ್ಕೆ ಬರುವುದಕ್ಕೆ ಮೊದಲೇ, ಅದನ್ನು ತೊರೆದು ಅದರ ವಿರೋಧಿಯಾದನು. ಅಧಿಕಾರ ಬಂದೊಡನೆ ಆ ಪಕ್ಷವು ಆತನ ಲೇಖನಿಯನ್ನು ಕಟ್ಟಿಹಾಕಿತು. ಸೆರೆಮನೆಯೂ ಆತನಿಗೆ ತಪ್ಪಲಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಪಶ್ಚಿಮ ಜರ್ಮನಿಯು ಮತ್ತೆ ಶಸ್ತ್ರ ಹಿಡಿಯಬಾರದೆಂದು ವಾದಿಸಿ, 1957ರಲ್ಲಿ ಮೃತನಾದನು.

ಮುರುಕು ಹಡಗಿನಲ್ಲಿ ಸಾಗರವನ್ನು ದಾಟಿದವನಿಗೆ ಲೋಕವು ಹಾರ ಹಾಕಿತು. ತಾನೇ ಸೇರಿದ ಪಕ್ಷಕ್ಕೆ ಬೆನ್ನು ತಿರುಗಿಸಿದಾಗ ಆತನಿಗೆ ದೊರೆತುದು ಸೆರೆ. ಈ ಎರಡರಲ್ಲಿ ಹೆಚ್ಚಿನ ಧೈರ್ಯವನ್ನು ಬೇಡಿದುದು ಎರಡನೆಯದೆಂದೇ ನಮ್ಮ ಅಭಿಪ್ರಾಯ.