ಎಲ್ಲಿಗೂ ಹೋಗದ ಸೈಕಲ್ಲು

ಮಳೆಗಾಲದಲ್ಲಿ ಅಂಗಳಕ್ಕೆ ಅಡಿಕೆ ದಬ್ಬೆ ಹಾಸುವುದು ಯಾಕೆಂದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ದಬ್ಬೆ ಬಿಟ್ಟು ಹಾವಸೆಯ ಮೇಲೆ ಕಾಲಿಟ್ಟವಳು ನಾನು. ತೀರ್ಥಹಳ್ಳಿಯ ತವರಿನಲ್ಲಿ, ಕೈಯಲ್ಲಿ ಹಾಲಿನ ತಪ್ಪಲೆ ಹಿಡಿದುಕೊಂಡೇ ಬಿದ್ದೆ. ಹಾಲೂ ಹೋಯಿತು, ಬಲ ಮೊಣಕಾಲಿನ ಚಿಪ್ಪೂ ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರ್. ಅದನ್ನು ಕತ್ತರಿಸಿ ತೆಗೆದ ದಿನ ಬಲತೊಡೆ ನೋಡಿ ಅಳು ಬಂತು. ಬೇರೆ ಯಾರದೋ ಕಾಲಿನಂತೆ ಸೊರಗಿತ್ತು. ನನ್ನ ಮನೆ ಸಾಗರದಲ್ಲಿ, ಹೈಸ್ಕೂಲು ಹೊಸನಗರ ತಾಲ್ಲೂಕಿನಲ್ಲಿ. ದಿನಾ ಎರಡು ಬಸ್ಸು ಹತ್ತಿ ಇಳಿಯಬೇಕು. ಬಸ್ಸಿನ ಮೊದಲ ಮೆಟ್ಟಿಲೇ ಹತ್ತಲಾಗದಿದ್ದರೆ ನೌಕರಿಯ ಗತಿ ಏನೆಂದು ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೇನೆ.

"ನಿಂತಲ್ಲೇ ತುಳಿಯುವ ಸೈಕಲ್ ತರಿಸಿ ಟೀಚರ್, ಮೈಭಾರ ಸೀಟು ಹೊರುತ್ತೆ, ಮೊಣಕಾಲು ಮಡಚಿ ಬಿಡಿಸಿದರೆ ಸಾಕು" ಎಂದಳು ಫಿಸಿಯೋಥೆರಪಿಯ ಹುಡುಗಿ. ನಮ್ಮೆಜಮಾನರು ತರಿಸಿ ಜಗಲಿಯಲ್ಲಿ ಇಡಿಸಿದರು.

ತಮಾಷೆಯೆಂದರೆ, ನನಗೆ ಸೈಕಲ್ ಬಾರದು. ನನ್ನ ತಮ್ಮ ಬಾಡಿಗೆ ಸೈಕಲ್ಲಿನ ಬಾರಿನೊಳಗೆ ಕಾಲು ತೂರಿಸಿ ಕಲಿಯುವಾಗ ನಾನು ಹಿಂದೆ ಓಡಿ ಕ್ಯಾರಿಯರ್ ಹಿಡಿದವಳು. ನನ್ನ ಸರದಿ ಕೇಳಿದರೆ ಅಜ್ಜಿ, "ಹೆಣ್ಣುಮಕ್ಕಳಿಗ್ಯಾಕೆ ಅದು?" ಎಂದರು. ಅಪ್ಪಯ್ಯ ಸುಮ್ಮನಿದ್ದರು. ಅಜ್ಜಿಯ ಮಾತಿಗಿಂತ ಆ ಸುಮ್ಮನಿದ್ದದ್ದೇ ನನಗೆ ಹೆಚ್ಚು ನೆನಪು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ಹುಡುಗಿಯರ ಹೆಸರು ಕೂಗಿ ಸಹಿ ಹಾಕಿಸಿಕೊಂಡವಳೂ ನಾನೇ. ನಮ್ಮ ಏರುತಗ್ಗಿನ ದಾರಿಯಲ್ಲಿ ಅವರು ಅರ್ಧ ದೂರ ತಳ್ಳಿಕೊಂಡೇ ಬರುತ್ತಿದ್ದರು. ಆದರೂ ಬೆಲ್ ಬಾರಿಸುವುದರಲ್ಲಿ ಕಡಿಮೆಯಿಲ್ಲ!

ಇತಿಹಾಸ ಪಾಠ ಮಾಡುವವಳಿಗೆ ಕೆದಕದೆ ಇರಲಾದೀತೆ? ರಸ್ತೆಯ ಸೈಕಲ್ ಮೊದಲು, ಮನೆಯೊಳಗಿನದು ಆಮೇಲೆ ಎಂದು ತಿಳಿದಿದ್ದೆ. ಹಾಗಲ್ಲವಂತೆ. ಲಂಡನ್ನಿನ ಫ್ರಾನ್ಸಿಸ್ ಲೌಂಡ್ಸ್ 1796ರಲ್ಲೇ 'ಜಿಮ್ನಾಸ್ಟಿಕಾನ್' ಎಂಬ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಕಾಲಿಗೆ ತುಳಿಯುವ ಹಲಗೆ, ಕೈಗೆ ತಿರುಗಿಸುವ ಹಿಡಿ. ಕೀಲು ಹಿಡಿದವರಿಗೆ, ಕುಳಿತೇ ಕೆಲಸ ಮಾಡುವವರಿಗೆ ಅಂಗಸಾಧನೆ. ಜರ್ಮನಿಯ ಕಾರ್ಲ್ ಡ್ರೈಸ್ ಎರಡು ಗಾಲಿಯ ಮರದ ಗಾಡಿಯನ್ನು ರಸ್ತೆಗೆ ತಂದದ್ದು 1817ರಲ್ಲಿ, ಅದಕ್ಕೂ ಪೆಡಲ್ ಇರಲಿಲ್ಲ, ನೆಲ ಒದ್ದು ಓಡಿಸಬೇಕಿತ್ತು. ಅಂದರೆ ಮುರಿದ ಕಾಲಿನವರ ಸೈಕಲ್ಲೇ ಹಿರಿಯಕ್ಕ! 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ವ್ಯಾಯಾಮಶಾಲೆಯಲ್ಲೂ ಇಂಥ ಸೈಕಲ್ಲುಗಳಿದ್ದವು, ತುಳಿದ ದೂರ ತೋರಿಸಲು ಗಡಿಯಾರದಂಥ ದೊಡ್ಡ ಮುಖವೂ ಇತ್ತು. ನಡುಸಮುದ್ರದಲ್ಲಿ ಸೈಕಲ್ ತುಳಿದು ಯಾವ ಊರಿಗೆ ಹೊರಟಿದ್ದರೋ ಪಾಪ.

ನನಗೆ ತೀರ ಹತ್ತಿರದವರೆನಿಸಿದ್ದು ಅಮೆರಿಕದ ಫ್ರಾನ್ಸಿಸ್ ವಿಲ್ಲರ್ಡ್ (1839–1898). ಮೊದಲು ಶಾಲೆಯ ಟೀಚರ್, ಆಮೇಲೆ ಹೆಂಡದ ವಿರುದ್ಧ ದೇಶದ ಹೆಂಗಸರನ್ನೆಲ್ಲ ಒಟ್ಟುಗೂಡಿಸಿದಾಕೆ. ಬಾಲ್ಯದಲ್ಲಿ ಹುಡುಗರ ಹಾಗೆ ಓಡಾಡಿಕೊಂಡಿದ್ದವರಿಗೆ ಹದಿಹರೆಯದಲ್ಲಿ ಉದ್ದ ಲಂಗ ತೊಡಿಸಿದರಂತೆ, ಓಟ ಅಲ್ಲಿಗೇ ನಿಂತಿತು. ತಾಯಿ ತೀರಿಕೊಂಡ ಮೇಲೆ ಆರೋಗ್ಯ ಕುಸಿದಾಗ, 53ನೆಯ ವಯಸ್ಸಿನಲ್ಲಿ ಸೈಕಲ್ ಹತ್ತಿದರು. ಅದಕ್ಕೆ ಗ್ಲಾಡಿಸ್ ಎಂದು ಹೆಸರಿಟ್ಟು, ದಿನಕ್ಕಿಷ್ಟು ಹೊತ್ತೆಂದು ಮೂರು ತಿಂಗಳು ಕಲಿತು, ಕಲಿತ ಕಥೆಯನ್ನು 1895ರಲ್ಲಿ ಪುಸ್ತಕವಾಗಿ ಬರೆದರು. ನನಗೆ ಅವರಿಗಿಂತ ಒಂದೇ ವರ್ಷ ಹೆಚ್ಚು.

ನನ್ನ ಪೆಡಲ್ ಮೊದಲ ದಿನ ಪೂರ್ತಿ ಸುತ್ತಲೇ ಇಲ್ಲ. ಮೊಣಕಾಲು ಅಷ್ಟು ಮಡಚದು. ಸೀಟು ಎತ್ತರಿಸಿದರು. ಸೀಟು ಏರಿದಷ್ಟೂ ಮೊಣಕಾಲು ಕಡಿಮೆ ಮಡಚಿದರೆ ಸಾಕಂತೆ. ಮಗುವಿನ ತೊಟ್ಟಿಲು ತೂಗಿದ ಹಾಗೆ ಹಿಂದಕ್ಕೂ ಮುಂದಕ್ಕೂ ಎಂಟು ದಿನ ಆಡಿಸಿದೆ. ಒಂಬತ್ತನೆಯ ದಿನ ಪೆಡಲ್ ಮೇಲೆ ಬಂದು, ಒಂದು ಗಳಿಗೆ ನಿಂತು, ಆಚೆ ಇಳಿಯಿತು. "ಬಂತು!" ಎಂದು ಕೂಗಿದ್ದಕ್ಕೆ ನಮ್ಮೆಜಮಾನರು ಗೇಟಿನತ್ತ ನೋಡಿ "ಯಾರು?" ಎಂದರು.

ಐದು ನಿಮಿಷ ಹತ್ತಾಯಿತು, ನವರಾತ್ರಿಯ ಹೊತ್ತಿಗೆ ಇಪ್ಪತ್ತು. ಬಸ್ಸಿನ ಮೆಟ್ಟಿಲನ್ನು ಎಡಗಾಲು ಮೊದಲಿಟ್ಟು ಹತ್ತುತ್ತೇನೆ, ಕಂಡಕ್ಟರು ಕಾಯುತ್ತಾರೆ. ಹಬ್ಬದ ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂರಲು ಇನ್ನೂ ಆಗುವುದಿಲ್ಲ. ಸೈಕಲ್ಲಿನ ಮೀಟರ್ ತೋರಿಸಿದ ಕಿಲೋಮೀಟರುಗಳನ್ನು ಕ್ಯಾಲೆಂಡರಿನಲ್ಲಿ ಬರೆದು, ಸಾಗರದಿಂದ ತವರಿನ ದಾರಿಗೆ ಲೆಕ್ಕ ಹಿಡಿಯುತ್ತಾ ಬಂದಿದ್ದೇನೆ. ತಮ್ಮನಿಗೂ ಅದು ಗೊತ್ತು. ಮೊನ್ನೆ ಫೋನು ಮಾಡಿದ್ದ.

"ಅಕ್ಕಾ, ಎಲ್ಲಿಗೆ ಬಂದೆ?"

"ಹೊಸನಗರ ದಾಟಿದೆ ಕಣೋ."