ಬೆಟ್ಟವಿಲ್ಲದ ಸೀಮೆಯ ಬೆಟ್ಟದ ಸೈಕಲ್ಲು

ಸೊಲ್ಲಾಪುರ ಜಿಲ್ಲೆಯ ಟೆಂಭುರ್ಣಿಯನ್ನು ಇಂದು ಹೆಚ್ಚಿನವರು ಬಲ್ಲದ್ದು ಪುಣೆ ಹೆದ್ದಾರಿಯ ಒಂದು ನಿಲುಗಡೆಯಾಗಿ. ಗಾಲಿಯ ಚರಿತ್ರೆ ಬರೆಯುವವರು ಆ ಊರಿಗೆ ಇನ್ನೂ ದೊಡ್ಡ ಜಾಗ ಕೊಡಬೇಕು. 1836ರ ಸುಮಾರಿಗೆ, ಈ ಭಾಗದಲ್ಲಿ ಬ್ರಿಟಿಷರ ಕಂದಾಯ ಭೂಮಾಪನ ನಡೆದಿದ್ದಾಗ, ಆ ಕೆಲಸದ ಅಧಿಕಾರಿಗಳಲ್ಲಿ ಒಬ್ಬನಾದ ಲೆಫ್ಟಿನೆಂಟ್ ಗೈಸ್‌ಫರ್ಡ್ ಹಗುರವಾದ ಹೊಸ ಚಕ್ಕಡಿಯೊಂದನ್ನು ರೂಪಿಸಿ, ಅದರ ತಯಾರಿಕೆಯನ್ನು ಟೆಂಭುರ್ಣಿಯಲ್ಲಿ ನೆಲೆಗೊಳಿಸಿದ. ಅದಕ್ಕೆ ಮೊದಲು ಇಲ್ಲಿದ್ದ ಗಾಡಿಗಳು ಕಲ್ಲಿನ ಇಲ್ಲವೆ ಮರದ ತುಂಬುಗಾಲಿಯವು. ಅವುಗಳ ಭಾರವೇ ಎತ್ತುಗಳನ್ನು ದಣಿಸುತ್ತಿತ್ತು, ಬೆಲೆ ಬಡ ರೈತನ ಕೈಗೆ ಎಟುಕುತ್ತಿರಲಿಲ್ಲ. ದೂರದ ಊರುಗಳಿಗೆ ಹತ್ತಿ, ಉಪ್ಪು, ಕಾಳು ಹೋಗುತ್ತಿದ್ದದ್ದು ಲಮಾಣಿಗಳ ಹೇರೆತ್ತುಗಳ ಬೆನ್ನಿನ ಮೇಲೆ. ಹೊಸ ಚಕ್ಕಡಿ ನೆಲೆ ನಿಂತದ್ದು ಅದು ಜಗತ್ತಿನ ಅತ್ಯುತ್ತಮ ಗಾಡಿಯಾಗಿತ್ತೆಂದಲ್ಲ. ಈ ನೆಲ, ಈ ಎತ್ತು, ಈ ಹೇರು, ಈ ರೈತನ ಗಂಟು, ಈ ನಾಲ್ಕಕ್ಕೂ ಅದು ಒಗ್ಗಿತು. ಇಂದು ಸೊಲ್ಲಾಪುರದ ಅಂಗಡಿಯಲ್ಲಿ ಮೌಂಟನ್ ಬೈಕು ಕೊಳ್ಳಲು ನಿಂತ ಯುವಕ ಅದರ ಮುಂದಿನ ಸಸ್ಪೆನ್ಷನ್ ಫೋರ್ಕನ್ನು ನೋಡಿ ಕೇಳುವ ಪ್ರಶ್ನೆಯೂ ಮೂಲತಃ ಅದೇ: ನೆಲದ ಪೆಟ್ಟನ್ನು ಯಾವುದು ತಡೆಯಬೇಕು, ಎಷ್ಟು ತಡೆಯಬೇಕು? ಈ ಸೀಮೆಯ ಇನ್ನೂರು ವರ್ಷಗಳ ಅನುಭವ ಅದಕ್ಕೊಂದು ಸ್ಪಷ್ಟ ಉತ್ತರ ಇಟ್ಟುಕೊಂಡಿದೆ ಎಂಬುದು ನನ್ನ ವಾದ. ಮೊದಲು ನೆಲ, ಆಮೇಲೆ ಟೈರಿನ ಗಾಳಿ, ಆಮೇಲೆ ಸವಾರನ ತೂಕ; ಸ್ಪ್ರಿಂಗಿನ ಮಾತು ಬರುವುದು ಇವುಗಳ ನಂತರ. ಈ ಸಾಲನ್ನು ತಿರುಗುಮುರುಗು ಮಾಡಿದವರು ಹಣವನ್ನೂ ಕಳೆದುಕೊಳ್ಳುತ್ತಾರೆ, ಮುಂಗೈಯನ್ನೂ ನೋಯಿಸಿಕೊಳ್ಳುತ್ತಾರೆ.

ನೆಲದಿಂದಲೇ ಶುರು ಮಾಡಬೇಕು. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿ.ಮೀ. ಉದ್ದಕ್ಕೂ ದಖನ್ನಿನ ಕರಿಗಲ್ಲ ಹಾಸು, ಅದರ ಮೇಲೆ ಕೆಲವೆಡೆ ಆಳವಾದ ಎರೆ, ಕೆಲವೆಡೆ ತೆಳುವಾದ ಮುರುಮು. ಎರೆ ಎಂಬುದು ಒಂದೇ ನೆಲವಲ್ಲ, ಕಾಲಕ್ಕೊಂದು ನೆಲ. ಬೇಸಿಗೆಯಲ್ಲಿ ಅದು ಬಿರಿದು ಅಂಗೈ ಅಗಲದ ಬಿರುಕು ಬಿಡುತ್ತದೆ, ಮಳೆಯಲ್ಲಿ ಉಬ್ಬಿ ಗಾಲಿಗೆ ಅಂಟುತ್ತದೆ, ಮಳೆ ನಿಂತ ಮೇಲೆ ಗಾಡಿ ಜಾಡಿನ ಗುರುತುಗಳನ್ನು ಹಾಗೇ ಹಿಡಿದುಕೊಂಡು ಗಟ್ಟಿಯಾಗುತ್ತದೆ. ಮುಂಗಾರಿನಲ್ಲಿ ಎರೆಯ ಜಾಡಿನಲ್ಲಿ ಚಕ್ಕಡಿ ಹೂಡದಿರುವುದು ರೈತನ ಸೋಮಾರಿತನವಾಗಿರಲಿಲ್ಲ. ಕಿರಿದಾದ ಕಬ್ಬಿಣದ ಪಟ್ಟಿಯ ಗಾಲಿ ಅಲ್ಲಿ ಹೂತೇ ಹೋಗುತ್ತಿತ್ತು. 1876ರಿಂದ 78ರವರೆಗಿನ ಮಹಾಕ್ಷಾಮ ಈ ಜಿಲ್ಲೆಯನ್ನು ಬಹಳ ಕ್ರೂರವಾಗಿ ಹಿಂಡಿತು. ಹೊಟ್ಟೆಗಿಲ್ಲದ ಜನರಿಗೆ ಸರ್ಕಾರ ಕೊಟ್ಟ ಕೂಲಿ ಕೆಲಸಗಳಲ್ಲಿ ಕೆರೆ ತೋಡುವುದು ಒಂದು, ರಸ್ತೆಗೆಂದು ಕಲ್ಲು ಒಡೆಯುವುದು ಇನ್ನೊಂದು. ಈ ಸೀಮೆಯ ಸವಾರಿಯನ್ನು ಮೊದಲು ಮೆತ್ತಗೆ ಮಾಡಿದ್ದು ಯಾವ ಸ್ಪ್ರಿಂಗೂ ಅಲ್ಲ, ಹಸಿದವರು ಒಡೆದು ಹಾಸಿದ ಆ ಜಲ್ಲಿ. ಸಸ್ಪೆನ್ಷನ್ನಿನ ಮಾತಾಡುವಾಗ ಇದನ್ನು ನೆನೆಯದಿರುವುದು ನನಗೆ ಕೃತಘ್ನತೆ ಅನಿಸುತ್ತದೆ.

ರಸ್ತೆ ಬಂದ ಮೇಲೆ ಗಾಲಿಯೇ ರಸ್ತೆಯ ವೈರಿಯಾಯಿತು. ಕಬ್ಬಿಣದ ಪಟ್ಟಿ ಬಡಿದ ಗಾಲಿ ಜಲ್ಲಿಯನ್ನು ಪುಡಿ ಮಾಡುತ್ತದೆ, ಪುಡಿಯಾದ ರಸ್ತೆ ಮತ್ತೆ ಗಾಡಿಯನ್ನೂ ಎತ್ತಿನ ಹೆಗಲನ್ನೂ ಕುಕ್ಕುತ್ತದೆ. ಬೆಂಗಳೂರಿನ ಐಐಎಂನ ಸ್ಥಾಪಕ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅವರು 1970ರ ದಶಕದ ಕೊನೆಯಿಂದ ಎತ್ತಿನ ಗಾಡಿಯ ಸುಧಾರಣೆಗೆ ಟೊಂಕ ಕಟ್ಟಿ ನಿಂತಾಗ ಎತ್ತಿ ಹೇಳಿದ ಸಂಗತಿಗಳಲ್ಲಿ ಇದೂ ಒಂದು. ಪರಿಹಾರ ಸೈಕಲ್ಲಿನ ಲೋಕದಲ್ಲಿ ಎಂದೋ ಸಿಕ್ಕಿತ್ತು. ಲಂಡನ್ನಿನ ಲಿನ್ಲೆ ಮತ್ತು ಬಿಗ್ಸ್ ಕಂಪನಿ 1885ರಲ್ಲಿ ವಿಪ್ಪೆಟ್ ಎಂಬ ಸೈಕಲ್ಲನ್ನು ಹೊರತಂದಿತ್ತು. ಹ್ಯಾಂಡಲ್, ಸೀಟು, ಪೆಡಲುಗಳನ್ನೆಲ್ಲ ಸ್ಪ್ರಿಂಗಿನ ಆಸರೆಯಲ್ಲಿ ತೇಲಿಸಿದ ಜಾಣ ಯಂತ್ರ ಅದು. ಮೂರೇ ವರ್ಷದಲ್ಲಿ, 1888ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಸ್ಪ್ರಿಂಗಿನ ಸೈಕಲ್ಲುಗಳು ಅದರ ಮುಂದೆ ನಿಲ್ಲಲಾರದೆ ಹೋದವು. ಸಣ್ಣ ಸಣ್ಣ ಕಲ್ಲಿನ ಮಿಡಿತವನ್ನು ನುಂಗುವುದರಲ್ಲಿ ಗಾಳಿ ಟೈರಿನಷ್ಟು ಹಗುರವೂ ಚುರುಕೂ ಆದ ಉಪಾಯ ಬೇರೆ ಇಲ್ಲ. ನಮ್ಮ ಕಡೆ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಹೇರುವ ಗಾಡಿಗಳು ಕಬ್ಬಿಣದ ಪಟ್ಟಿ ಬಿಟ್ಟು ಟೈರಿಗೆ ಬಂದಾಗಲೂ ಅದೇ ಪಾಠ ಮರುಕಳಿಸಿತು. ಟೈರು ಗಾಡಿಗೆ ಬೇರೆ ಸ್ಪ್ರಿಂಗ್ ಇಲ್ಲ, ಆದರೂ ಅದೇ ಜೋಡೆತ್ತು ಮೊದಲಿಗಿಂತ ಹೆಚ್ಚಿನ ಹೇರು ಎಳೆದವು.

ಸ್ಪ್ರಿಂಗ್ ಈ ಸೀಮೆಗೆ ಬಂದದ್ದು ರೈಲಿನ ಹಿಂದೆ, ಟಾಂಗಾದ ರೂಪದಲ್ಲಿ. ಜಿಐಪಿ ರೈಲು 1860ರಲ್ಲಿ ಸೊಲ್ಲಾಪುರ ಮುಟ್ಟಿತು, 1871ರ ಹೊತ್ತಿಗೆ ರಾಯಚೂರಿನವರೆಗೆ ಹಳಿ ಬಿತ್ತು. ಅಕ್ಕಲಕೋಟೆಯ ಹೆಸರು ಹೊತ್ತ ನಿಲ್ದಾಣ ಊರಿನಿಂದ ಹತ್ತು ಕಿ.ಮೀ.ಗೂ ಹೆಚ್ಚು ದೂರ ಉಳಿಯಿತು. 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ಸ್ಥಾನಕ್ಕೆ ಹೊರಟ ಭಕ್ತರು ರೈಲು ಇಳಿದ ಮೇಲೆ ಇನ್ನೊಂದು ಗಾಲಿ ಹುಡುಕಲೇಬೇಕಾಗಿತ್ತು. ಟಾಂಗಾದ ಕಮಾನು ಪಟ್ಟಿಯನ್ನು ಎಂಜಿನಿಯರನ ಕಣ್ಣಿನಿಂದ ನೋಡಿದರೆ ಅದರಲ್ಲಿ ಎರಡು ಗುಣ ಕಾಣುತ್ತವೆ. ಒಂದು, ಹೊರೆ ಬಿದ್ದಾಗ ಬಾಗುವುದು. ಇನ್ನೊಂದು ಅಷ್ಟು ಸುಲಭವಾಗಿ ಕಾಣದ್ದು: ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು ಬಾಗುವಾಗಲೂ ಮರಳುವಾಗಲೂ ಪರಸ್ಪರ ಉಜ್ಜಿಕೊಳ್ಳುತ್ತವೆ. ಆ ಉಜ್ಜಾಟ ಪೆಟ್ಟಿನ ಶಕ್ತಿಯನ್ನು ಬಿಸಿಯಾಗಿಸಿ ಕರಗಿಸುತ್ತದೆ, ಹೀಗಾಗಿ ಗಾಡಿ ಒಮ್ಮೆ ತಗ್ಗಿಗೆ ಇಳಿದು ಹತ್ತು ಸಲ ಕುಣಿಯುವುದಿಲ್ಲ. ಟಾಂಗಾವಾಲಾನಿಗೆ ಇದರ ಜೊತೆ ಮೂರನೆಯದೊಂದು ತಿಳಿದಿತ್ತು. ಎರಡೇ ಗಾಲಿಯ ಗಾಡಿಯಲ್ಲಿ ತೂಕ ಹಿಂದೆ ಬಿದ್ದರೆ ಮೂಕಿ ಮೇಲೇಳುತ್ತದೆ, ಮುಂದೆ ಬಿದ್ದರೆ ಕುದುರೆಯ ಬೆನ್ನು ಕುಗ್ಗುತ್ತದೆ. ಅದಕ್ಕೇ ಸವಾರಿಗಳನ್ನು ಮುಂದೆ ಹಿಂದೆ ಸರಿಸಿ ಕೂರಿಸಿಯೇ ಹೊರಡುತ್ತಿದ್ದ. ಸ್ಪ್ರಿಂಗು, ತಡೆ, ತೂಕದ ಹೊಂದಿಕೆ ಈ ಮೂರೂ ಕೂಡಿದರೆ ಮಾತ್ರ ಸಸ್ಪೆನ್ಷನ್. ಇಂದಿನ ಫೋರ್ಕಿನ ತಯಾರಕರು ಸ್ಪ್ರಿಂಗ್ ರೇಟ್, ಡ್ಯಾಂಪಿಂಗ್, ಸ್ಯಾಗ್ ಎಂದು ಕರೆಯುವುದು ಇವನ್ನೇ.

ಇನ್ನು ಕರಿಯ ದೊಡ್ಡ ಸೈಕಲ್ಲು. 1877ರಲ್ಲಿ ಸೊಲ್ಲಾಪುರದ ಮೊದಲ ಬಟ್ಟೆ ಗಿರಣಿ ಎದ್ದ ಮೇಲೆ ಒಂದರ ಹಿಂದೊಂದು ಗಿರಣಿ ಬಂದು ಊರು ಕೂಲಿಕಾರರ ಊರಾಯಿತು, ಗಿರಣಿಯ ಭೋಂಗಾಕ್ಕೆ ಸರಿಯಾಗಿ ಹೊರಡುವ ಊರಾಯಿತು. ಮೊದಲು ವಿಲಾಯತಿ ರ‍್ಯಾಲೆ, ಬಿಎಸ್‌ಎ; ಸ್ವಾತಂತ್ರ್ಯದ ನಂತರ ಅಂಬತ್ತೂರಿನ ಹರ್ಕ್ಯುಲಿಸ್, ಸೋನಿಪತ್ತಿನ ಅಟ್ಲಾಸ್, ಲುಧಿಯಾನದ ಹೀರೋ. ಆ ಸೈಕಲ್ಲಿನ ಫೋರ್ಕಿನಲ್ಲಿ ಸ್ಪ್ರಿಂಗ್ ಎಂಬುದು ಇರಲಿಲ್ಲ, ಇದ್ದದ್ದು ಸೀಟಿನ ಕೆಳಗೆ. ಹಾಗೆಂದು ಅದನ್ನು ಒರಟು ಯಂತ್ರವೆಂದು ತಳ್ಳಿಹಾಕುವುದು ತಪ್ಪು. ಅದರ ಮುಂಗಾಲಿಯ ಕವಲು ಉದ್ದವಾಗಿ ಮುಂದಕ್ಕೆ ಬಾಗಿರುತ್ತಿತ್ತು, ತೆಳು ಉಕ್ಕಿನ ಆ ಬಾಗು ತುಸು ಮಣಿಯುತ್ತಿತ್ತು. 28 ಇಂಚಿನ ಎತ್ತರದ ಗಾಲಿ ಸಣ್ಣ ಗುಂಡಿಗೆ ಬೀಳದೆ ದಾಟುತ್ತಿತ್ತು. ಹ್ಯಾಂಡಲ್ಲಿನ ಕೊಳವೆ ನೆಲಕ್ಕೆ 67-68 ಡಿಗ್ರಿಯಷ್ಟು ವಾಲಿರುತ್ತಿತ್ತು. ರೇಸಿನ ಸೈಕಲ್ಲಿನಲ್ಲಿ ಈ ಕೋನ 72-73 ಡಿಗ್ರಿ. ಗಮನಿಸಿ, ಇಂದಿನ ಮೌಂಟನ್ ಬೈಕು ಸ್ಥಿರತೆಗಾಗಿ ಹುಡುಕಿಕೊಂಡು ಹೋದದ್ದು ಆ ಹಳೆಯ ವಾಲಿಕೆಯ ಕಡೆಗೇ. ಟ್ರೇಲ್ ಬೈಕುಗಳು ಈಗ 65-66 ಡಿಗ್ರಿಯ ಆಸುಪಾಸಿನಲ್ಲಿವೆ. ಹಾಲಿನ ಕ್ಯಾನು, ಚಾದರದ ಗಂಟು, ಹಿಂದೆ ಒಬ್ಬ ಆಳು ಹೊತ್ತು ಮುರುಮಿನ ರಸ್ತೆಯಲ್ಲಿ ನಡೆದ ಸೈಕಲ್ಲಿಗೆ ಈ ವಿನ್ಯಾಸ ಆಕಸ್ಮಿಕವಾಗಿ ಒದಗಿದ್ದಲ್ಲ.

ಹಾಗಾದರೆ ಸಸ್ಪೆನ್ಷನ್ ಫೋರ್ಕು ಏಕೆ ಬೇಕಾಯಿತು? ವೇಗಕ್ಕಾಗಿ. ಮೋಟರ್‌ಸೈಕಲ್ಲಿನಲ್ಲಿ ಬಿಎಂಡಬ್ಲ್ಯೂ 1935ರಲ್ಲೇ ಎಣ್ಣೆಯ ತಡೆಯುಳ್ಳ ಟೆಲಿಸ್ಕೋಪಿಕ್ ಫೋರ್ಕನ್ನು ಮಾರುಕಟ್ಟೆಗೆ ತಂದಿತ್ತು. ಸೈಕಲ್ಲು ಅರ್ಧ ಶತಮಾನ ಕಾಯಿತು. ಪಾಲ್ ಟರ್ನರ್ ಕಟ್ಟಿದ ರಾಕ್‌ಶಾಕ್ಸ್ ಕಂಪನಿಯ ಆರ್‌ಎಸ್-1 ಫೋರ್ಕು 1989ರಲ್ಲಿ ಬಂತು. ಅದರ ಕುಗ್ಗುವ ದೂರ 48 ಮಿ.ಮೀ. ಮಾತ್ರ. ಮರುವರ್ಷ ಅಮೆರಿಕದ ಕೊಲರಾಡೊದ ಡುರಾಂಗೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನ ಡೌನ್‌ಹಿಲ್ ಸ್ಪರ್ಧೆಯನ್ನು ಗ್ರೆಗ್ ಹರ್ಬಾಲ್ಡ್ ಅದನ್ನೇ ಹಾಕಿಕೊಂಡು ಗೆದ್ದ. ಅಲ್ಲಿಂದ ಇಲ್ಲಿಗೆ ಬರುವಾಗ ಹೆಸರು ಮತ್ತು ಆಕಾರ ಮಾತ್ರ ಬಂದವು. ನಮ್ಮ ಅಂಗಡಿಗಳಲ್ಲಿ ಹತ್ತು-ಹದಿನೈದು ಸಾವಿರಕ್ಕೆ ಸಿಗುವ ಸೈಕಲ್ಲಿನ ದಪ್ಪ ಫೋರ್ಕಿನೊಳಗೆ ಸಾಮಾನ್ಯವಾಗಿ ಇರುವುದು ಒಂದು ಸುರುಳಿ ಸ್ಪ್ರಿಂಗು, ಒಂದು ರಬ್ಬರಿನ ತುಂಡು. ಎಣ್ಣೆಯ ತಡೆ ಇಲ್ಲ, ತೂಕಕ್ಕೆ ಹೊಂದಿಸುವ ದಾರಿಯೂ ಇಲ್ಲವೆನ್ನುವಷ್ಟು ಕಡಿಮೆ. 50 ಕಿಲೋ ತೂಗುವ ಹುಡುಗನಿಗೆ ಅದು ಕುಗ್ಗುವುದೇ ಇಲ್ಲ, 90 ಕಿಲೋ ಸವಾರನಿಗೆ ಕುಗ್ಗಿ ತಳ ಬಡಿಯುತ್ತದೆ. ಎರಡೂವರೆ ಕಿಲೋ ಆಸುಪಾಸಿನ ಭಾರ ಬೇರೆ. ಟಾಂಗಾದ ಕಮಾನು ಪಟ್ಟಿಯಲ್ಲಿದ್ದ ತಡೆಯೂ ಇಲ್ಲದ ಇದನ್ನು ಪ್ರಗತಿ ಎನ್ನಲು ನನಗೆ ಮನಸ್ಸಿಲ್ಲ. ಅದೇ ದುಡ್ಡಿಗೆ ಗಟ್ಟಿ ಉಕ್ಕಿನ ಕವಲೂ 2.2 ಇಂಚಿನ ಅಗಲ ಟೈರೂ ಇರುವ ಸೈಕಲ್ಲು ಸಿಕ್ಕರೆ ಅದನ್ನೇ ಕೊಳ್ಳಿ ಎಂದು ಯಾರಿಗಾದರೂ ಧೈರ್ಯವಾಗಿ ಹೇಳಬಹುದು.

ಹೆಚ್ಚು ಹಣ ಹಾಕಲು ಸಿದ್ಧರಿರುವವರಿಗೆ ಗಾಳಿ ಸ್ಪ್ರಿಂಗಿನ, ಎಣ್ಣೆಯ ಡ್ಯಾಂಪರಿನ ಫೋರ್ಕು ಸರಿ. ಕುಗ್ಗುವ ದೂರ 100 ಮಿ.ಮೀ. ಈ ಸೀಮೆಗೆ ಧಾರಾಳ. ಇಲ್ಲಿ ಎತ್ತರದಿಂದ ಹಾರಿ ಬೀಳುವ ಇಳಿಜಾರಿಲ್ಲ, ಇರುವುದು ಗಟ್ಟಿಯಾದ ಜಾಡು, ಬಿಡಿ ಕಲ್ಲು, ಹಳ್ಳದ ದಡ. 140 ಮಿ.ಮೀ. ಫೋರ್ಕಿನ ಹೆಚ್ಚುವರಿ ಭಾರವನ್ನು ಹೊಲದ ದಾರಿಯಲ್ಲಿ ಸುಮ್ಮನೆ ಹೊರಬೇಕಾಗುತ್ತದೆ. ಎರೆಯಲ್ಲಿ ಮಳೆಗಾಲಕ್ಕೆ ಓಡಾಡುವವರು ಇನ್ನೊಂದನ್ನು ನೋಡಲೇಬೇಕು: ಟೈರಿಗೂ ಫೋರ್ಕಿನ ಕಮಾನಿಗೂ ನಡುವೆ ಎಷ್ಟು ತೆರಪಿದೆ ಎಂಬುದು. ಮಡ್‌ಗಾರ್ಡಿನೊಳಗೆ ಎರೆ ತುಂಬಿ ಕರಿ ಸೈಕಲ್ಲಿನ ಗಾಲಿ ನಿಂತುಹೋಗುತ್ತಿದ್ದುದು ಇದೇ ಕಾರಣಕ್ಕೆ. ಕೊಂಡ ಮೇಲೆ ಹೊಂದಿಸುವ ಕ್ರಮದಲ್ಲಿ ಮೊದಲು ಟೈರು, ಆಮೇಲೆ ಫೋರ್ಕು. ಜಾಲಿ ಮುಳ್ಳಿನ ಭಯಕ್ಕೆ ಟೈರನ್ನು ಕಲ್ಲಿನಂತೆ ಗಟ್ಟಿ ಮಾಡಿಕೊಂಡರೆ ಯಾವ ಫೋರ್ಕೂ ಕಾಪಾಡದು. ಟ್ಯೂಬಿಲ್ಲದ ಟೈರಿಗೆ ಸೀಲೆಂಟ್ ಹಾಕಿ ಹವಾ ಇಳಿಸುವುದು ಜಾಣತನ. ಬಳಿಕ ನೀರಿನ ಬಾಟಲಿ, ಚೀಲ ಎಲ್ಲ ಹೊತ್ತು ಸೈಕಲ್ ಏರಿ, ಫೋರ್ಕಿನ ಕೊಳವೆಯ ಮೇಲಿನ ರಬ್ಬರ್ ಬಳೆಯನ್ನು ಕೆಳಗಿಳಿಸಿ, ನಿಧಾನವಾಗಿ ಭಾರ ಬಿಟ್ಟು ಇಳಿಯಬೇಕು. 100 ಮಿ.ಮೀ. ಫೋರ್ಕು 20ರಿಂದ 25 ಮಿ.ಮೀ. ಕುಗ್ಗಿದ್ದರೆ ಹವಾ ಸರಿಯಿದೆ. ಮರಳುವ ವೇಗವನ್ನು ಕೆಳಗಿನ ತಿರುಪಿನಿಂದ ಹೊಂದಿಸಬೇಕು. ತೀರಾ ಬೇಗ ಮರಳಿದರೆ ಗಾಲಿ ನೆಲ ಬಿಟ್ಟು ಪುಟಿಯುತ್ತದೆ; ತೀರಾ ನಿಧಾನವಾದರೆ ಸಾಲಾಗಿ ಬರುವ ಗುಂಡಿಗಳಲ್ಲಿ ಫೋರ್ಕು ಮೇಲೇಳಲು ಸಮಯ ಸಾಲದೆ ಹಂತ ಹಂತವಾಗಿ ಕುಸಿಯುತ್ತದೆ. ಗಟ್ಟಿಯಾದ ಗಾಡಿ ಜಾಡಿನಲ್ಲಿ ಈ ಎರಡನೆಯ ತೊಂದರೆಯೇ ಹೆಚ್ಚು, ಹೀಗಾಗಿ ಇಲ್ಲಿ ತುಸು ಬೇಗದ ಕಡೆಗೆ ಒಲಿಯುವುದು ಮೇಲು.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಬೆಟ್ಟವೇ ಇಲ್ಲದ, ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದ ಈ ಬಯಲಿಗೆ ಬೆಟ್ಟದ ಸೈಕಲ್ಲು ಏಕೆ ಎನ್ನುವವರಿದ್ದಾರೆ. ಪೆಟ್ಟು ಹುಟ್ಟುವುದು ನೆಲದ ಮೇಲ್ಮೈಯಿಂದ, ನೆಲದ ಎತ್ತರದಿಂದಲ್ಲ. ಬೋರಿ ನದಿಯ ದಂಡೆಯ ಒಣ ಎರೆ ಜಾಡು ಎಷ್ಟೋ ಗುಡ್ಡದ ದಾರಿಗಳಿಗಿಂತ ಒರಟು. ಸೊಲ್ಲಾಪುರ–ಅಕ್ಕಲಕೋಟೆ ರಸ್ತೆ ಈಗ ಅಗಲವಾದ ಹೆದ್ದಾರಿ, ಇನ್ನೇಕೆ ಈ ಚಿಂತೆ ಎಂಬ ಇನ್ನೊಂದು ಮಾತಿದೆ. ಹೆದ್ದಾರಿಯ ಮಟ್ಟಿಗೆ ಆ ಮಾತು ನಿಜ, ಅಲ್ಲಷ್ಟೇ ಓಡಾಡುವವರಿಗೆ ಸ್ಪ್ರಿಂಗಿಲ್ಲದ ಫೋರ್ಕೇ ಉತ್ತಮವೆಂದು ನಾನೂ ಒಪ್ಪುತ್ತೇನೆ. ಆದರೆ ವೇಗದ ವಾಹನಗಳು ಹೆಚ್ಚಿದಷ್ಟೂ ಸೈಕಲ್ಲಿನವರು ಹಳೆಯ ಒಳದಾರಿಗಳಿಗೆ, ಕಾಲುವೆಯ ಪಕ್ಕದ ಮುರುಮಿಗೆ ಸರಿಯುವುದು ಸಹಜ. ಅಲ್ಲಿ ಪ್ರಶ್ನೆ ಮೊದಲಿನಷ್ಟೇ ಜೀವಂತ. ಎಲ್ಲಕ್ಕಿಂತ ಬಲವಾದ ಆಕ್ಷೇಪ ಮೂರನೆಯದು: ಸ್ಯಾಗ್, ಡ್ಯಾಂಪಿಂಗ್ ಎಲ್ಲ ಭೌತಶಾಸ್ತ್ರ, ಅದು ಕೊಲರಾಡೊದಲ್ಲೂ ಅಕ್ಕಲಕೋಟೆಯಲ್ಲೂ ಒಂದೇ, ಅದರಲ್ಲಿ ಊರಿನ ಚರಿತ್ರೆಗೇನು ಕೆಲಸ? ಸೂತ್ರ ಒಂದೇ ನಿಜ, ಅದಕ್ಕೆ ಹಾಕುವ ಅಂಕಿಗಳು ಊರಿನವು. ಸೊಲ್ಲಾಪುರದಲ್ಲಿ ಜನವರಿಯ ಬೆಳಿಗ್ಗೆ 16 ಡಿಗ್ರಿ ಇರುವಾಗ 80 ಪಿಎಸ್‌ಐ ತುಂಬಿದ ಫೋರ್ಕು ಮೇ ತಿಂಗಳ 42 ಡಿಗ್ರಿ ಬಿಸಿಲಿನಲ್ಲಿ ತಾನಾಗಿಯೇ ಸುಮಾರು 88 ಪಿಎಸ್‌ಐ ಆಗುತ್ತದೆ. ಕಂಪನಿಯ ಕೈಪಿಡಿಯ ಪಟ್ಟಿಯನ್ನು ಒಮ್ಮೆ ನೋಡಿ ಹವಾ ತುಂಬಿ ಮರೆತವನು ಬೇಸಿಗೆಯಿಡೀ ಬೇರೆಯೇ ಫೋರ್ಕಿನ ಮೇಲೆ ಸವಾರಿ ಮಾಡುತ್ತಾನೆ. ಆ ಬಿಸಿಲಿನ ಜೊತೆಗೇ ಏಳುವ ಎರೆಯ ಸಣ್ಣ ಧೂಳು ಸೀಲುಗಳ ಅಂಚಿಗೆ ಕೂತು ಕೊಳವೆಯ ಹೊಳಪನ್ನು ತೇಯುತ್ತದೆ. ಕೆಳಗಿನ ಕಾಲುಗಳ ಎಣ್ಣೆ ಬದಲಿಸಲು ತಯಾರಕರು ಹೇಳುವ ಅವಧಿ ಸಾಮಾನ್ಯವಾಗಿ 50 ಗಂಟೆಯ ಸವಾರಿ. ಫೆಬ್ರವರಿಯಿಂದ ಮೇವರೆಗೆ ಇಲ್ಲಿ ಅಷ್ಟು ದಿನ ಕಾಯಬಾರದು. ಆ ಕೆಲಸ ಬಲ್ಲ ಮಿಸ್ತ್ರಿ ಹತ್ತಿರದಲ್ಲಿ ಇದ್ದಾನೆಯೇ ಎಂದು ವಿಚಾರಿಸಿಕೊಂಡ ಮೇಲೆಯೇ ಗಾಳಿ ಫೋರ್ಕಿಗೆ ದುಡ್ಡು ಕೊಡಬೇಕು. ಗೈಸ್‌ಫರ್ಡನ ಗಾಡಿಯ ತಯಾರಿಕೆ ಬೇರೂರಿದ್ದು ಇದೇ ಜಿಲ್ಲೆಯ ಊರೊಂದರಲ್ಲಿ. ಕೆಟ್ಟರೆ ಸರಿಪಡಿಸುವ ಬಡಿಗ, ಕಮ್ಮಾರ ಇಬ್ಬರೂ ಆ ಚಕ್ಕಡಿಗೆ ಊರಲ್ಲೇ ಇದ್ದರು.