ಬಸ್ ತಡಾನೋ, ನೀನ ತಡಾನೋ?

ಜರ್ಮನಿಯ ಮ್ಯೂನಿಕ್ ಹತ್ತಿರದ ಊರಿಂದ ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುತ್ತಿದ್ದ ಮಹಿಳೆಯೊಬ್ಬರು 2018ರಲ್ಲಿ ಉಣ್ಣೆಯ ಸ್ಕಾರ್ಫ್ ಒಂದನ್ನು ಹೆಣೆದರು. ದಿನಕ್ಕೆ ಎರಡು ಸಾಲು. ರೈಲು ತಡವಾದದ್ದು 5 ನಿಮಿಷದೊಳಗಾದರೆ ಬೂದು, 5ರಿಂದ 30 ನಿಮಿಷವಾದರೆ ಗುಲಾಬಿ, ಅದಕ್ಕೂ ಮೀರಿದರೆ ಅಥವಾ ಹೋಗುವಾಗ ಬರುವಾಗ ಎರಡೂ ಸಲ ಕಾಯಿಸಿದರೆ ಕೆಂಪು. ಬೇಸಿಗೆಯಲ್ಲಿ ಹಳಿಯ ಕಾಮಗಾರಿ ನಡೆದ ವಾರಗಳು ಸ್ಕಾರ್ಫಿನಲ್ಲಿ ದಟ್ಟ ಕೆಂಪಾಗಿ ಕೂತವು. 2019ರ ಜನವರಿಯಲ್ಲಿ ಅದು ಹರಾಜಿನಲ್ಲಿ 7,550 ಯೂರೋಗೆ ಹೋಯಿತು. ಆ ದುಡ್ಡು ರೈಲು ನಿಲ್ದಾಣಗಳಲ್ಲಿ ಕಷ್ಟದಲ್ಲಿರುವವರಿಗೆ ನೆರವಾಗುವ ಸಂಸ್ಥೆಗೆ ಸೇರಿತು.

ರೈಲು ಎಷ್ಟು ತಡ ಅನ್ನೋದು ರೈಲ್ವೆಯ ಕಂಪ್ಯೂಟರಿನಲ್ಲೂ ಇರುತ್ತದೆ. ಆದರೆ ಆ ಅಂಕಿಗಳನ್ನು ಯಾರು ನೋಡ್ತಾರೆ? ಕೊರಳಿಗೆ ಸುತ್ತಿಕೊಂಡ ಕೆಂಪು ಎಲ್ಲರಿಗೂ ಕಂಡಿತು.

ರೈಲು ಎಣಿಸುವ ಹೆಂಗಸರ ಕಥೆ ಇದಕ್ಕಿಂತ ನೂರು ವರ್ಷ ಹಳೆಯದು. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸ್ ಜರ್ಮನ್ ಸೇನೆಯ ಕೈಯಲ್ಲಿದ್ದವು. ಸೈನಿಕರು, ಕುದುರೆಗಳು, ಫಿರಂಗಿಗಳು ಎಲ್ಲವೂ ಸಾಗುತ್ತಿದ್ದದ್ದು ರೈಲಿನಲ್ಲೇ. ಯಾವ ಹಳಿಯ ಮೇಲೆ ಎಷ್ಟು ರೈಲು ಹೋದವು ಅಂತ ಗೊತ್ತಾದರೆ ಮುಂದಿನ ದಾಳಿ ಎಲ್ಲಿ ಅಂತ ಊಹಿಸಬಹುದಿತ್ತು. ಬ್ರಿಟಿಷರಿಗೆ ಈ ಸುದ್ದಿ ಮುಟ್ಟಿಸುತ್ತಿದ್ದ ಗುಪ್ತ ಜಾಲಗಳಲ್ಲಿ ದೊಡ್ಡದು ‘ಲಾ ದಾಮ್ ಬ್ಲಾಂಶ್’, ಅಂದರೆ ಬಿಳಿಯುಡುಗೆಯ ಹೆಂಗಸು. ಹಳಿಯ ಪಕ್ಕದ ಒಂದು ಮನೆಯವರು ಕಿಟಕಿಯಲ್ಲಿ ಕೂತು ಅಡುಗೆಮನೆಯ ಸಾಮಾನಿನಿಂದಲೇ ಲೆಕ್ಕ ಇಟ್ಟರು: ಸೈನಿಕರಿಗೆ ಹುರುಳಿಕಾಯಿಯ ಬೀಜ, ಕುದುರೆಗೆ ಚಿಕೋರಿ, ಫಿರಂಗಿಗೆ ಕಾಫಿ ಬೀಜ. ಹೆಣಿಗೆ ಹಿಡಿದು ಕೂತ ಅಜ್ಜಿಯರ ಮಾತೂ ಇದೆ. ಒಂದು ಬಗೆಯ ರೈಲಿಗೆ ಉಬ್ಬು ಹೊಲಿಗೆ, ಇನ್ನೊಂದಕ್ಕೆ ಬೇಕೆಂದೇ ಬಿಟ್ಟ ಕುಣಿಕೆ. ಹೆಣೆಯುತ್ತಾ ಕೂತ ಮುದುಕಿಯನ್ನು ಯಾವ ಸಿಪಾಯಿ ಅನುಮಾನಿಸ್ತಾನೆ ಹೇಳಿ?

ಇದನ್ನೆಲ್ಲ ಓದಿದ ಮೇಲೆ ನನಗೂ ಹುಕಿ ಬಂತು. ನನಗೆ ಹೆಣಿಗೆ ಬಾರದು. ಆದರೆ ಧಾರವಾಡದ ನಮ್ಮ ಸೋದರತ್ತೆಯಿಂದ ಒಂದಿಷ್ಟು ಕಸೂತಿ ಕಲಿತಿದ್ದೆ. ಕಸೂತಿ ಅಂದರೇ ಎಣಿಕೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ತೇರು, ಗೋಪುರ, ಅಂಬಾರಿ ಹೊತ್ತ ಆನೆ ಮೂಡಬೇಕು. ನೋಡಿ, ಆ ಕಾಲದ ಸವಾರಿಗಳೆಲ್ಲ ಸೀರೆಯ ಮೇಲೆ ಆಗಲೇ ಇವೆ!

ನಾನು ಬಸ್ ಸ್ಟಾಪಿನಲ್ಲಿ ಕಾದ ಒಂದೊಂದು ನಿಮಿಷಕ್ಕೂ ಒಂದೊಂದು ಹೊಲಿಗೆ ಹಾಕತೊಡಗಿದೆ. ದಿನಕ್ಕೊಂದು ಗೆರೆ, ಗವಂತಿಯಲ್ಲಿ. ತಿಂಗಳಾಗುವಷ್ಟರಲ್ಲಿ ಅಡ್ಡ ಮಲಗಿಸಿದ ಗೋಪುರದಂತೆ ಕಾಣತೊಡಗಿತು. ಹೆಮ್ಮೆಯಿಂದ ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, ಹೊರಗೆ ಚಾಚಿದ್ದ ಒಂದು ಗೆರೆಯ ಮೇಲೆ ಬೆರಳಿಟ್ಟರು.

“ಗೋಪುರಕ್ಕ ಇದೇನವಾ ಕೋಡು?”

“ಆ ಸೋಮವಾರ ಮೂವತ್ತೈದು ನಿಮಿಷ ಕಾದೆ ಅತ್ತಿ.”

“ಬಸ್ ತಡಾನೋ, ನೀನ ತಡಾನೋ?”

ನನ್ನ ಬಾಯಿ ಕಟ್ಟಿತು. ಆ ದಿನ ಎದ್ದದ್ದೇ ತಡ. ನನ್ನ ಬಸ್ಸು ಹೊತ್ತಿಗೆ ಸರಿಯಾಗಿ ಬಂದು ಹೋಗಿತ್ತು, ನಾನು ಕಾದದ್ದು ಅದರ ಮುಂದಿನದಕ್ಕೆ. ಸಿಟ್ಟನ್ನೆಲ್ಲ ಬಸ್ಸಿನ ಲೆಕ್ಕಕ್ಕೆ ಹೊಲಿದಿದ್ದೆ.

ಅತ್ತೆ ಬಟ್ಟೆಯನ್ನು ಮಗುಚಿದರು. ಗವಂತಿಯಲ್ಲಿ ಗಂಟು ಹಾಕುವಂತಿಲ್ಲ, ಹಿಂದೆ ಮುಂದೆ ಒಂದೇ ಥರ ಕಾಣಬೇಕು. “ಈ ಕಡೆನೂ ಹಂಗs ಅದ. ಬಿಚ್ಚು” ಅಂದರು.

ಕಿಟಕಿಯಲ್ಲಿ ಕೂತವರು ಬರದ ರೈಲೊಂದನ್ನು ಬಂತು ಅಂತ ಎಣಿಸಿದ್ದರೆ ಏನಾಗುತ್ತಿತ್ತೋ ಅಂದುಕೊಳ್ಳುತ್ತಾ ಮೂವತ್ತೈದು ಹೊಲಿಗೆಯನ್ನೂ ಬಿಚ್ಚಿದೆ. ಆ ಸೋಮವಾರದ ಜಾಗ ಈಗಲೂ ಖಾಲಿ ಇದೆ.